ಇಲ್ಲದ ಪ್ರಾಣಿಗಳ ಡಾಕ್ಟರ್

ನನ್ನ ಕಸುಬ ಅಂಥಾದ್ದು ನೋಡ್ರಿ, ವಾರಕ್ಕೊಮ್ಮೆಯಾದ್ರೂ ಎದಿ ಧಸಕ್ಕಂತೈತಿ. ಅದೂ ಪ್ರಾಣಿ ನೋಡಿ ಅಲ್ಲ, ಮಂದಿ ಮಾತು ಕೇಳಿ. ಐತಿ ಅಂತ ಊರೆಲ್ಲ ಹೇಳತೈತಿ, ಆದ್ರ ಯಾರ ಕೈಗೂ ಸಿಕ್ಕಿಲ್ಲ, ಅಂಥ ಪ್ರಾಣಿಗಳನ್ನ ಹುಡುಕೋದು, ಅವುಗಳ ಮ್ಯಾಲ ಪುಸ್ತಕ ಬರಿಯೋದು ನನ್ನ ಕೆಲಸ. ಭಾಗ್ಯನಗರದಾಗ ಮನಿ. ಓಣಿಯೊಳಗ ‘ಪ್ರಾಣಿ ಸರ್’ ಅಂತಾರ. ಅದು ಗೌರವನೋ ವರ್ಣನೆನೋ ಇನ್ನೂ ಗೊತ್ತಾಗಿಲ್ಲ.

ಯಲಬುರ್ಗಾ ಬಸ್ಸಿನಾಗ

ಬಾಜೂ ಕುಂತ ಹಿರಿಯರು ಕೇಳಿದ್ರು, “ಏನ್ ಕೆಲಸ ಮಾಡ್ತಿ ತಮ್ಮಾ?”

ಬಿಡಿಸಿ ಹೇಳಿದೆ.

“ಒಂದರ ಸಿಕ್ಕೈತೇನು?”

“ಇನ್ನೂ ಇಲ್ರಿ ಅಜ್ಜಾರ.”

ಅವರು ಕಣ್ಣು ಅಗಲ ಮಾಡಿ ನನ್ನ ಬಿಳಿ ಕೂದಲ ನೋಡಿದ್ರು. “ಇಷ್ಟು ವರ್ಷಾದ್ರೂ ಕೆಲಸಾನೂ ಆಗಿಲ್ಲ, ನೌಕರಿನೂ ಹೋಗಿಲ್ಲ! ನಮ್ಮ ಅಳಿಯಗೂ ಅದ ಇಲಾಖ್ಯಾಗ ಒಂದು ಜಾಗಾ ನೋಡಪಾ.”

ನವಲಿಯ ಹೆಜ್ಜಿ

ನವಲಿಯ ಭತ್ತದ ಗದ್ದಿ ಬದುವಿನ ಮ್ಯಾಲ ಮೊರದಷ್ಟು ಅಗಲದ ಹೆಜ್ಜಿ, ಬೆರಳ ಇಲ್ಲ! ಅಚ್ಚು ತೆಗೆಯಾಕ ಪ್ಲಾಸ್ಟರ್ ಕಲಸಿ ಸುರುವಿದೆ. ಗದ್ದಿ ಮಾಲೀಕ ಓಡಿ ಬಂದ. “ಅದು ನನ್ನ ಕಾಲ್ರಿ! ಪೆಟ್ಟಾಗೈತಂತ ಗೋಣಿಚೀಲ ಸುತ್ತೀನಿ” ಅಂದಾಂವ, ಅಳತಿ ತೋರಿಸಾಕ ಹಸಿ ಪ್ಲಾಸ್ಟರಿನಾಗ ಕಾಲ ಇಟ್ಟುಬಿಟ್ಟ. ಪ್ಲಾಸ್ಟರ್ ಬಿಗೀತು. ನಾ ಹುಡುಕಿದ್ದು ಸಿಕ್ಕಿಬಿದ್ದು, ನನಗ ಬಾಯಿಗೆ ಬಂದಂಗ ಬೈದದ್ದು ಅದೊಂದ ಸಲ.

ಕುಷ್ಟಗಿ ಕಡೆ ಭಾಷಣ

ಕುಷ್ಟಗಿ ಹತ್ರದ ಹಳ್ಳಿಯಾಗ ನನ್ನ ಭಾಷಣ ಇತ್ತು. ‘ಪ್ರಾಣಿ ತಜ್ಞರು ಬರ್ತಾರ’ ಅಂತ ಡಂಗುರ ಹೊಡಿಸಿದ್ರಂತ. ಹೋಗಿ ನೋಡಿದ್ರ ಖುರ್ಚಿ ಎಲ್ಲ ಖಾಲಿ. ಮಂದಿ ಹೊರಗ ನಿಂತಾರ, ಒಬ್ಬೊಬ್ಬರ ಕೈಯಾಗ ಒಂದೊಂದು ಹಗ್ಗ, ಹಗ್ಗದ ಆ ತುದಿಗೆ ದನ!

ಒಬ್ಬ ಹೆಣ್ಣುಮಗಳು ಎಮ್ಮಿ ಮುಂದ ಎಳಕೊಂಡು ಬಂದ್ಳು. “ಡಾಕ್ಟರ, ನಿನ್ನಿಯಿಂದ ಮೇವು ಮುಟ್ಟವಲ್ದು ನೋಡ್ರಿ.”

“ಯವ್ವಾ, ನಾ ಅಂಥ ಡಾಕ್ಟರ್ ಅಲ್ಲ. ಇಲ್ಲದ ಪ್ರಾಣಿಗಳ ಬಗ್ಗೆ ಬರಿಯಾಂವ.”

“ನೀವು ಹಿಂಗ ನಿಂತ್ರ ಇದೂ ಇಲ್ಲದ್ದ ಆಕ್ಕೈತ್ರಿ! ಲಗೂನ ಕೈ ಹಚ್ಚರಿ!”

ಗಂಗಾವತಿ ಗುಡ್ಡ

ಗಂಗಾವತಿ ಕಡೆ ಗುಡ್ಡದಾಗ ಅರ್ಧ ಕರಡಿ, ಅರ್ಧ ಮನಶ್ಯಾ ಇದ್ದಂಥಾದ್ದು ಅಡ್ಡಾಡತೈತಿ ಅಂತ ಸುದ್ದಿ ಬಂತು. ಮುಂಜಾನೆದ್ದು ಹೋದೆ. ಅದು ಬೆದರಬಾರದಂತ ಕರಿ ಕಂಬಳಿ ಹೊದ್ದು, ಬಂಡೆಗಲ್ಲಿನ ಸಂದಿನಾಗ ಅಂಬೆಗಾಲಿಕ್ಕಿ ಹತ್ತಿದೆ, ಇಳಿದೆ. ಕರಡಿದೊಂದು ಕೂದಲಾನೂ ಕಾಣಲಿಲ್ಲ. ಮಂಡಿ ಕೆತ್ತಿಸಿಕೊಂಡು ಮನಿಗೆ ಬಂದೆ.

ಊಟಕ್ಕ ಕುಂತಾಗ ಮೊಬೈಲಿಗೆ ಒಂದು ವಿಡಿಯೋ ಬಂತು. ಯಾರೋ ದೂರದಿಂದ ತೆಗೆದಿದ್ರು. ಅದ ಗುಡ್ಡ, ಬಂಡೆ ಮ್ಯಾಲ ಕರ್ರಗಿಂದೇನೋ ತೆವಳತೈತಿ! ಹೆಂಡತಿನ್ನ ಕೂಗಿದೆ, “ಬಾ ಇಲ್ಲೆ! ಕಡೀಕೂ ಸಿಕ್ತು!”

ಆಕಿ ನೋಡಿ ಅಂದ್ಳು, “ಅದು ನಮ್ಮ ಕಂಬಳಿ.”

ನಾ ತಲಿ ತಗ್ಗಿಸಿ ರೊಟ್ಟಿ ಮುರದೆ. ಅಷ್ಟರಾಗ ಗುಡ್ಡದ ಕೆಳಗಿನ ಊರ ಹಿರಿಯರೊಬ್ಬರ ಫೋನ್. “ಸರ, ವಿಡಿಯೋ ನೋಡಿದ್ರೇನ್ರಿ? ಹೆಣ್ಮಕ್ಕಳು ಹೊಲಕ್ಕ ಹೋಗವಲ್ರು. ಗಂಡಸರು ಬಡಿಗಿ ಹಿಡಕೊಂಡು ಗುಡ್ಡಕ್ಕ ಹೊಂಟಾರ. ತಿಳಿದವರು ನೀವ ಹೇಳ್ರಿ, ಅದು ಮೈಮ್ಯಾಲ ಬರತೈತೇನ್ರಿ?”

ಹೆಂಡತಿ ಫೋನ್ ಕಸಕೊಂಡ್ಳು.

“ಅಣ್ಣಾರ, ಯಾರೂ ಅಂಜಬ್ಯಾಡ್ರಿ, ಮಂದಿನ್ನ ತಿರುಗಿ ಕರೀರಿ. ಅದು ನಮ್ಮನಿದ ಐತ್ರಿ. ತಪ್ಪಿಸಿಕೊಂಡು ಹೋಗಿತ್ತು, ಈಗ ಬಂದು ರೊಟ್ಟಿ ತಿನ್ನಾಕತ್ತೈತಿ.”