ಮೀನಿನ ಚಕ್ಕುಬಂದಿ

ನನಗಾದ ಅವಮಾನಗಳನ್ನು ನಾನು ಮರೆಯುವವನಲ್ಲ. ಇದನ್ನು ಹಟಮಾರಿತನವೆಂದು ಕರೆಯುವವರಿದ್ದಾರೆ. ಹಾಗೆ ಕರೆದವರ ಹೆಸರುಗಳೂ ನನಗೆ ನೆನಪಿವೆ. ಮುಂಡರಗಿಯಲ್ಲಿ ಕಚೇರಿಯ ಎದುರಿನ ಕಟ್ಟೆಯ ಮೇಲೆ ಕುಳಿತು ಜೀವಮಾನವಿಡೀ ಜನರ ಖರೀದಿಪತ್ರ, ಆಸ್ತಿ ಪಾಲಿನ ವಾಟ್ನಿಪತ್ರಗಳನ್ನು ಬರೆದುಕೊಟ್ಟವನು ನಾನು. ಯಾರು, ಯಾವಾಗ, ಯಾರ ಸಮಕ್ಷಮ, ಏನೆಂದರು ಎಂಬುದನ್ನು ಮರೆತರೆ ನನ್ನ ಕಸುಬು ಉಳಿಯುವುದಾದರೂ ಹೇಗೆ? ಆದ್ದರಿಂದ ಹೊಳೆಯಾಚೆಯ ದ್ಯಾಮಪ್ಪನು ಮಾಡಿದ ದ್ರೋಹವನ್ನು ಇಷ್ಟು ವರ್ಷ ಜತನದಿಂದ ಕಾಪಾಡಿಕೊಂಡು ಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಅದು ಏಕೀಕರಣಕ್ಕೆ ಮುಂಚಿನ ಕೊನೆಯ ಬೇಸಿಗೆ. ತುಂಗಭದ್ರೆಯ ಈಚೆ ದಡ ಮುಂಬಯಿ ಸರಕಾರದ್ದು, ಆಚೆ ದಡ ಮೈಸೂರಿನದು. ಎರಡೂ ದಡಗಳ ಬೈಗುಳ ಮಾತ್ರ ಒಂದೇ. ಬೇಸಿಗೆಯ ಕೊನೆಗೆ ಹೊಳೆ ಬತ್ತಿ ಬಂಡೆಗಳ ನಡುವೆ ಮಡುಗಳಷ್ಟೇ ಉಳಿದಾಗ ಮೀಸೆಮೀನುಗಳೆಲ್ಲ ಅಲ್ಲಿ ಬಂದು ಸೇರಿಕೊಳ್ಳುತ್ತಿದ್ದವು. ನನ್ನ ಹೆಂಡತಿಯ ತಮ್ಮ, ಹಿರೇವಡ್ಡಟ್ಟಿಯ ಹನಮಪ್ಪ, ತಾಯಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಮಧ್ಯಾಹ್ನದ ಊಟದ ಹೊತ್ತಿಗೆ ಅತ್ತೆಯವರು ಮಗಳೊಡನೆ ಮಾತಾಡುವ ನೆಪದಲ್ಲಿ, ನನಗೆ ಕೇಳಿಸುವಂತೆ, "ನಿನ್ನ ಗಂಡ ಕಾಗದದಾಗ ಹೊಳಿ ಹಳ್ಳ ಎಲ್ಲಾ ಬರೀತಾನ ಖರೆ. ಹೊಳಿಯಾಗಿಂದ ಒಂದ ಮೀನರ ತಂದಾನೇನ?" ಎಂದರು. ನಾನು ಅರ್ಧ ಊಟಕ್ಕೇ ಕೈ ತೊಳೆದು ಎದ್ದೆ. "ಮಸಾಲಿ ಅರದ ಇಡು. ಸಂಜಿಗೆ ನಾನ ಹಿಡದ ಮೀನ ತಿನ್ನಸ್ತೀನಿ ನಿಮ್ಮವ್ವಗ" ಎಂದು ಹೆಂಡತಿಗೆ ಹೇಳಿ, ಬರವಣಿಗೆಯ ಚೀಲವನ್ನು ಎಂದಿನಂತೆ ಹೆಗಲಿಗೇರಿಸಿ, ಹನಮಪ್ಪನೊಡನೆ ಹೊಳೆಗೆ ಹೊರಟೆ. ಇನ್ನು ನಾನು ಬರಿಗೈಯಲ್ಲಿ ಮನೆಗೆ ಬರುವಂತಿರಲಿಲ್ಲ.

ಮೀಸೆಮೀನು ಹಿಡಿಯಲು ಬೇಕಾದವು ಎರಡು: ನಾರುವ ಕೋಳಿಕರುಳು ಮತ್ತು ಮೌನ. ಮೊದಲನೆಯದನ್ನು ಹನಮಪ್ಪ ಧಾರಾಳವಾಗಿ ತಂದಿದ್ದ. ಎರಡನೆಯದು ಅವನ ಬಳಿ ಎಂದೂ ಇದ್ದಂತಿಲ್ಲ. "ಮಾವಾರ, ರಾಜ್ಯ ಒಂದಾದ್ರ ಈ ಮೀನ ಯಾ ಸರಕಾರದ್ದ ಆಗತಾವ್ರಿ?" ಎಂದು ಅವನು ಮೂರನೆಯ ಸಲ ಕೇಳುತ್ತಿದ್ದಾಗ ನನ್ನ ದಾರ ಜಗ್ಗಿತು. ತೋಳುದ್ದದ ಮೀನು! ನನ್ನ ಗಾಳವನ್ನು ನುಂಗಿಕೊಂಡೇ ಮಡುವಿನ ಆ ತುದಿಗೆ ಓಡಿದ ಆ ಹೊಟ್ಟೆಬಾಕ, ಅಲ್ಲಿದ್ದ ಇನ್ನೊಂದು ಗಾಳವನ್ನೂ ನುಂಗಿತು. ಅದರ ದಾರ ಹಿಡಿದು ಕುಳಿತಿದ್ದವನೇ ದ್ಯಾಮಪ್ಪ. ಅವನು ಅತ್ತ, ನಾನು ಇತ್ತ ಜಗ್ಗುತ್ತ ಜಗ್ಗುತ್ತ ಇಬ್ಬರೂ ನಡುಹೊಳೆಯ ಬಂಡೆಗೆ ಬಂದು ಮುಟ್ಟಿದೆವು.

"ಸಾಹೇಬ್ರ, ದಾರ ಬಿಡ್ರಿ. ಮೀನ ನಂದು" ಎಂದ ದ್ಯಾಮಪ್ಪ.

"ಮದಲ ನುಂಗಿದ್ದು ನನ್ನ ಗಾಳ."

"ನಿಮ್ಮದು ರುಚಿ ಹತ್ತಿದ್ದರ ಇಲ್ಲೀತನಾ ಯಾಕ ಬರತಿತ್ತರಿ?"

ಈ ಮಾತನ್ನು ನಾನು ಪ್ರತ್ಯೇಕವಾಗಿ ನೆನಪಿಟ್ಟುಕೊಂಡಿದ್ದೇನೆ. ಹನಮಪ್ಪ ನಡುವೆ ಬಂದು, "ಕಡದು ಅರ್ಧಾ ಅರ್ಧಾ ತಗೋರಿ, ಆತು" ಎಂದ. ದ್ಯಾಮಪ್ಪನೂ ಒಪ್ಪಿದ. ಆದರೆ ಎರಡು ಸರಕಾರಗಳ ಪ್ರಜೆಗಳ ನಡುವಿನ ವಾಟ್ನಿ ಬರೀ ಬಾಯಿಮಾತಿನಲ್ಲಿ ಮುಗಿಯಬಹುದೇ? ತಲೆಯ ಭಾಗ ಯಾರಿಗೆ, ಬಾಲದ ಭಾಗ ಯಾರಿಗೆ, ಮುಂದೆ ತಕರಾರು ಬಂದರೆ ಗತಿಯೇನು? ಮೀನನ್ನು ಒದ್ದೆ ಗೋಣಿಯ ಮೇಲೆ ಮಲಗಿಸಿ, ಅದರ ಬೆನ್ನಿನ ಮೇಲೆ ಬಲಗಾಲೂರಿ ಕುಳಿತು, ಚೀಲದಿಂದ ಕಾಗದ, ಮಸಿ, ಲೇಖನಿ ತೆಗೆದೆ. ಹೊಲಕ್ಕೆ ಬರೆಯುವಂತೆ ಸದರಿ ಮೀನಿಗೂ ಚಕ್ಕುಬಂದಿ ಬರೆದೆ: ಪೂರ್ವಕ್ಕೆ ಮೀಸೆ, ಪಶ್ಚಿಮಕ್ಕೆ ಬಾಲ, ಉತ್ತರಕ್ಕೆ ಮುಂಬಯಿ, ದಕ್ಷಿಣಕ್ಕೆ ಮೈಸೂರು. ಮಸಿ ಆರುವ ಮೊದಲೇ ಮೀನು ಕಾಲಡಿಯಲ್ಲಿ ಗಿರ್ರನೆ ತಿರುಗಿ ಮೀಸೆ ಪಶ್ಚಿಮಕ್ಕಾಯಿತು. ಸುಳ್ಳು ಚಕ್ಕುಬಂದಿ ಬರೆದು ನನಗೆ ಗೊತ್ತಿಲ್ಲ. ಹೊಸ ಕಾಗದ ತೆಗೆದೆ.

"ಹೊತ್ತ ಮುಣಗಾಕ ಹತ್ತೈತ್ರಿ ಸಾಹೇಬ್ರ" ಎಂದು ದ್ಯಾಮಪ್ಪ ಗೋಗರೆದ. "ನೀವು ಬರದ ಮುಗಸೂದ್ರಾಗ ಇದಕ್ಕ ಮೊಮ್ಮಕ್ಕಳಾಗತಾವ!"

ಏಳು ಕಲಮುಗಳು ಮುಗಿದವು. ದಸ್ತಾವೇಜನ್ನು ಪಕ್ಷಗಾರರ ಎದುರು ನಿಂತು, ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಹೆಬ್ಬೆಟ್ಟು ಹಾಕಿಸುವುದು ನನ್ನ ಪದ್ಧತಿ. ಎದ್ದು ನಿಂತೆ. ದ್ಯಾಮಪ್ಪ, ಹನಮಪ್ಪ ಇಬ್ಬರೂ ಕೈಕಟ್ಟಿಕೊಂಡು ಕೇಳುತ್ತಿದ್ದರು. ಮೂರನೆಯ ಕಲಮಿಗೆ ಬರುವಷ್ಟರಲ್ಲಿ ಬುಳಕ್ಕೆಂದು ಸದ್ದಾಯಿತು. ಗೋಣಿ ಖಾಲಿ.

"ನಿಮ್ಮ ಓದು ತಡಕೊಳ್ಳಾಕ ಆಗಲಾರದ ಹೋತ ನೋಡ್ರಿ" ಎಂದು ದ್ಯಾಮಪ್ಪ ನಗುತ್ತ ನಗುತ್ತ ನೀರಿನಲ್ಲೇ ಕುಳಿತುಬಿಟ್ಟ. ಮೀನು ಕಳೆದುಕೊಂಡವನು ಹೀಗೆ ನಗುವನೇ? ಇವನೇ ಕಾಲಿನಿಂದ ಅದನ್ನು ನೀರಿಗೆ ತಳ್ಳಿದನೆಂದು ನನಗೆ ಆ ಕ್ಷಣವೇ ಖಾತ್ರಿಯಾಯಿತು. ಆದರೂ ಕರ್ತವ್ಯ ಬಿಡಲಿಲ್ಲ. ಬರೆದ ಪತ್ರ ವ್ಯರ್ಥವಾಗಬಾರದೆಂದು ಉಳಿದ ಕಲಮುಗಳನ್ನೂ ಓದಿ, ಹೆಬ್ಬೆಟ್ಟು ಹಾಕಿಸಿಕೊಂಡೇ ಮನೆಗೆ ಹೊರಟೆ. ಆ ಮಸಾಲೆಗೆ ಹೆಂಡತಿ ಬದನೆಕಾಯಿ ಹಾಕಿದಳು. ಅತ್ತೆಯವರು ಎರಡು ಸಲ ನೀಡಿಸಿಕೊಂಡು ಉಂಡು, "ಅಳಿಯಂದ್ರು ಹಿಡದ ಮೀನಿಗೆ ಒಂದೂ ಮುಳ್ಳಿಲ್ಲ ನೋಡವ್ವಾ" ಎಂದರು.

ಮಳೆಗಾಲ ಕಳೆದು ರಾಜ್ಯ ಒಂದಾಯಿತು. ದ್ಯಾಮಪ್ಪ ಬೆಲ್ಲ ಕಟ್ಟಿಕೊಂಡು ಹೊಳೆ ದಾಟಿ ಬಂದ. ನಾನು ಬಾಗಿಲು ತೆರೆಯಲಿಲ್ಲ. ರಾಜ್ಯಗಳು ಕೂಡಬಹುದು, ನಾನು ಕೂಡಲಾರೆ. ಮೊನ್ನೆ ಹನಮಪ್ಪ, ಈಗ ಅವನಿಗೂ ಹಲ್ಲಿಲ್ಲ, "ಇನ್ನರ ಬಿಡ್ರಿ ಮಾವಾರ" ಎಂದ. ದ್ಯಾಮಪ್ಪನ ದ್ರೋಹವನ್ನು ಲಿಖಿತವಾಗಿ ಸಾಬೀತುಪಡಿಸಲೆಂದು ಪೆಟ್ಟಿಗೆಯಿಂದ ಆ ಪತ್ರವನ್ನು ತೆಗೆದೆ. ಐದನೆಯ ಕಲಮು ನನ್ನದೇ ದುಂಡಕ್ಷರದಲ್ಲಿ ಹೀಗಿತ್ತು: "ವಾಟ್ನಿಯಾಗುವತನಕ ಸದರಿ ಮೀನು ಈ ಪತ್ರ ಬರೆದಾತನ ಬಲಗಾಲಿನ ವಶದಲ್ಲಿ ಇರತಕ್ಕದ್ದು. ಕಾಲು ತೆಗೆದು ನುಕಸಾನಿಯಾದಲ್ಲಿ ಆತನೇ ಸಂಪೂರ್ಣ ಜವಾಬ್ದಾರನು."

ಹನಮಪ್ಪನಿಗೆ ಪತ್ರವನ್ನು ಗೆದ್ದಲು ತಿಂದಿದೆಯೆಂದೆ. ಆಮೇಲೆ ಉದಾರ ಮನಸ್ಸಿನಿಂದ, ದ್ಯಾಮಪ್ಪನನ್ನು ಕ್ಷಮಿಸಿರುವುದಾಗಿ ಒಂದು ಕಾಗದ ಬರೆದು ಹನಮಪ್ಪನ ಕೈಯಲ್ಲೇ ಕಳಿಸಿದೆ. ಐದನೆಯ ಕಲಮನ್ನು ಪ್ರಸ್ತಾಪಿಸುವ ಅಗತ್ಯ ಕಾಣಲಿಲ್ಲ. ಆದರೆ ಕರಾರುಪತ್ರಕ್ಕೆ ಜೋಡಿ ಪ್ರತಿ ಇರಬೇಕೆಂಬ ನನ್ನ ನಿಯಮದಂತೆ ಅಂದು ಹೊಳೆಯಲ್ಲೇ ಇನ್ನೊಂದು ಪ್ರತಿಯನ್ನು ದ್ಯಾಮಪ್ಪನಿಗೆ ನಾನೇ ಕೊಟ್ಟಿದ್ದೆ. ಹನಮಪ್ಪ ಅವನ ಉತ್ತರವನ್ನು ಬಾಯಿಪಾಠ ಮಾಡಿಕೊಂಡು ಬಂದು ಒಪ್ಪಿಸಿದ: "ಸಾಹೇಬ್ರು ಕ್ಷಮಾ ಮಾಡಿದ್ದಕ್ಕ ಭಾಳ ಸಂತೋಷಾತು. ಮನಿಗೆ ಬೀಗರು ಬಂದಾಗೊಮ್ಮೆ ಆ ಐದನೇ ಕಲಮು ಓದಸ್ತೀನಿ. ಅಕ್ಷರ ಭಾಳ ಚೆಂದ ಅದಾವಂತಾರ ಎಲ್ಲಾರೂ."

ಈ ಕೊನೆಯ ಮಾತು ಹೊಗಳಿಕೆಯೋ ಅವಮಾನವೋ ಎಂಬುದು ಇತ್ಯರ್ಥವಾಗುವವರೆಗೆ ನನ್ನ ಕ್ಷಮೆಯನ್ನು ತಡೆಹಿಡಿದಿದ್ದೇನೆ.