ಹಿರಿತನದ ಪ್ರಕಾರ ಬೈಗುಳ

ನಗರಸಭೆಯ ಅಧ್ಯಕ್ಷರು ಟಾರು ರಸ್ತೆಯನ್ನು ಚಾಪೆಯಂತೆ ಸುರುಳಿ ಸುತ್ತಿ ನುಂಗುತ್ತಿರುವ ಚಿತ್ರವನ್ನು ನಗರಸಭೆಯ ಕಾಂಪೌಂಡ್ ಗೋಡೆಯ ಮೇಲೆ ಬರೆದವರು ಮುಳ್ಳಕ್ಕ ಎಂಬುದು ನಿರ್ವಿವಾದ. ಕೂದಲನ್ನು ಮುಳ್ಳುಮುಳ್ಳಾಗಿ ನಿಲ್ಲಿಸಿಕೊಳ್ಳುತ್ತಿದ್ದುದರಿಂದ ಆ ಹೆಸರು. ಹಗಲೆಲ್ಲ ಚಿತ್ರ ಬರೆದು, ಸಂಜೆ ಅದೇ ಗೋಡೆಯೆದುರು ಗಿಟಾರ್ ಹಿಡಿದು, ಗಂಟಲು ಹರಿಯುವಂತೆ ಪಂಕ್ ಎಂಬ ಸಿಟ್ಟಿನ ಅಬ್ಬರದ ಹಾಡು ಹಾಡುತ್ತಿದ್ದರು. ಹಾಡಿನಲ್ಲಿದ್ದವರೂ ಅಧ್ಯಕ್ಷರೇ.

ಪೊಲೀಸರು ಬರುತ್ತಾರೆಂದು ಅಮ್ಮ ಮಗಳ ಬಟ್ಟೆಗಳನ್ನು ಚೀಲಕ್ಕೆ ತುಂಬಿಟ್ಟರು. ಬಂದದ್ದು ಮುಖ್ಯ ಎಂಜಿನಿಯರ್.

"ಅಧ್ಯಕ್ಷರನ್ನ ಮಾತ್ರ ಬರೆದಿದ್ದೀರಿ. ಆ ರಸ್ತೇಲಿ ಅರ್ಧ ನಾನು ತಿಂದಿದ್ದೀನಿ. ನೀವ್ಯಾಕೆ ಚಿತ್ರದಲ್ಲಿಲ್ಲ ಅಂತ ಮನೇಲಿ ಎಲ್ರೂ ಕೇಳ್ತಿದ್ದಾರೆ."

"ಬೈಸ್ಕೊಳ್ಳೋಕೆ ಬಂದ್ರಾ?"

"ಬೇರೆ ಯಾರ ಹತ್ರ ಹೋಗ್ಲಿ ಮೇಡಂ? ಕಲೆ ಇರೋದು ನಿಮ್ಮ ಕೈಲಿ."

ಸಿಟ್ಟಿನಲ್ಲಿ ಮುಳ್ಳಕ್ಕ ಅವರನ್ನೂ ಬರೆದರು. ಮರುದಿನ ಮನೆ ಮುಂದೆ ತಮ್ಮನ್ನೂ ಬರೆಯಿರೆಂದು ನಗರಸಭೆ ಸಿಬ್ಬಂದಿಯ ನೂಕುನುಗ್ಗಲು. ಶಿಸ್ತು ಕಾಪಾಡಲು ನಗರಸಭೆ ಸುತ್ತೋಲೆ ಹೊರಡಿಸಿತು:

"ಅವಮಾನ ಬಯಸುವ ಸಿಬ್ಬಂದಿಯು ಸೇವಾ ಹಿರಿತನದಂತೆ ಸಾಲಿನಲ್ಲಿ ನಿಲ್ಲತಕ್ಕದ್ದು. ಚಿತ್ರದಲ್ಲಿ ಯಾರ ಬಾಯಿಯೂ ಮೇಲಧಿಕಾರಿಯ ಬಾಯಿಗಿಂತ ಅಗಲವಾಗಿರತಕ್ಕದ್ದಲ್ಲ. ಹಾಡಿನಲ್ಲಿ ಪದನಾಮವನ್ನು ಪೂರ್ಣವಾಗಿ ಉಚ್ಚರಿಸತಕ್ಕದ್ದು."

'ಪ್ರಭಾರ ಸಹಾಯಕ ಕಾರ್ಯಪಾಲಕ ಎಂಜಿನಿಯರ್' ಎಂಬುದು ತಾಳಕ್ಕೆ ಕೂರದೆ ಮುಳ್ಳಕ್ಕನ ಹಾಡಿಗೆ ಡ್ರಮ್ ಬಾರಿಸುವ ಹುಡುಗ ಬೆವರಿದ.

ಕೊನೆಗೆ ಗೋಡೆಯ ಮೇಲಿಲ್ಲದೆ ಉಳಿದವರು ಬೀದಿದೀಪ ವಿಭಾಗದ ಗುಮಾಸ್ತರೊಬ್ಬರೇ. ಯಾಕೆ ಇಲ್ಲವೆಂದು ಕಾರಣ ಕೇಳಿ ಅವರಿಗೆ ನೋಟಿಸ್ ಬಂತು. ಮುಳ್ಳಕ್ಕನ ಮನೆಗೆ ಬಂದು ಕುರ್ಚಿಯ ಅಂಚಿನಲ್ಲಿ ಕುಳಿತರು.

"ನಾನೇನೂ ತಿಂದಿಲ್ಲಕ್ಕಾ. ಅದಕ್ಕೇ ಬಡ್ತಿ ನಿಲ್ಸಿದ್ದಾರೆ."

"ತಿನ್ನದವರನ್ನ ಬರೆದ್ರೆ ಚಿತ್ರ ಸುಳ್ಳಾಗತ್ತೆ. ನಾನು ಸುಳ್ಳು ಬರೆಯಲ್ಲ."

ಗುಮಾಸ್ತರು ಕುರ್ಚಿಯಿಂದ ಏಳಲಿಲ್ಲ. ಒಳಗಿನಿಂದ ಅಮ್ಮ ಅಂದರು, "ಪಾಪ, ಮೂಲೇಲಿ ಒಂದು ಇಲಿ ಮಾಡಿ ಕೂರ್ಸೇ."

ಮುಳ್ಳಕ್ಕ ಜೀವನದಲ್ಲಿ ಮೊದಲ ಸಲ ಸುಳ್ಳು ಬರೆದರು: ಬಲ್ಬು ಕಚ್ಚುತ್ತಿರುವ ಒಂದು ಸಣ್ಣ ಇಲಿ. ಆ ಸಂಜೆ ಗಂಟಲಿನಿಂದ ದನಿಯೇ ಹೊರಡಲಿಲ್ಲ. ಅಮ್ಮ ಬಿಸಿನೀರು ಕೊಟ್ಟರೂ ಇಲ್ಲ.

ವಿಷಯ ಗುಮಾಸ್ತರ ಕಿವಿಗೆ ಬಿತ್ತು. ಬೆಳಿಗ್ಗೆ ಬಂದು, ಕರವಸ್ತ್ರದಲ್ಲಿ ಸುತ್ತಿದ್ದ ಬಲ್ಬೊಂದನ್ನು ಮೇಜಿನ ಮೇಲಿಟ್ಟರು.

"ಆಫೀಸಿಂದ ಎತ್ಕೊಂಡು ಬಂದೆ. ಇನ್ಮೇಲೆ ನಿಮ್ಮ ಚಿತ್ರ ಸುಳ್ಳಲ್ಲಕ್ಕಾ."

ಮುಳ್ಳಕ್ಕ ಗಂಟಲು ಸರಿಪಡಿಸಿಕೊಂಡರು, ದನಿ ಹೊರಟಿತು; ಗಿಟಾರ್ ಎತ್ತಿಕೊಂಡರು. ಅಮ್ಮ ಸ್ಟೂಲು ಹತ್ತಿ ಬಲ್ಬನ್ನು ಜಗುಲಿಗೆ ಹಾಕಿದರು. ಆ ರಾತ್ರಿ ಬೆಳಕು ಚೆನ್ನಾಗಿದೆಯೆಂದು ಬೀದಿಯವರೆಲ್ಲ ಹೇಳಿದರು.