ನಾನು ಮಾರಿದ ತಾಸು

ಹತ್ತಿ ಮಾರುವವನ ಅಂಗಿಗೆ ಸಂಜೆ ಹೊತ್ತಿಗೆ ಅರಳೆಯಾದರೂ ಅಂಟಿರುತ್ತದೆ, ಎಣ್ಣೆ ಮಾರುವವನ ಕೈ ಜಿಡ್ಡಾಗಿರುತ್ತದೆ. ನಾನು ಇಡೀ ದಿನ ದುಡಿದು ಮನೆಗೆ ಬಂದರೆ, ಏನು ಮಾರಿ ಬಂದೆ ಎಂದು ತೋರಿಸಲು ಮೈಮೇಲಿನ ಧೂಳು ಬಿಟ್ಟರೆ ಏನೂ ಇರುವುದಿಲ್ಲ. ನಾನು ಮಾರುವುದು ರೇಡಿಯೋದ ಹೊತ್ತನ್ನು. ಗಂಗಾವತಿಯಲ್ಲಿ ಅಕ್ಕಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಸ್ಟೇಷನ್. ಹಾಡು ಕಡಿಮೆ, ಮಾತೇ ಹೆಚ್ಚು. ಆ ಮಾತಿನ ಸಂದಿಯಲ್ಲಿ ಹತ್ತು, ಇಪ್ಪತ್ತು ಸೆಕೆಂಡು ಕತ್ತರಿಸಿ ಕುಷ್ಟಗಿಯ ಬೀಜದಂಗಡಿಗೆ, ಯಲಬುರ್ಗಾದ ಸೀರೆ ಅಂಗಡಿಗೆ, ಕುಕನೂರಿನ ಪಂಪ್‌ಸೆಟ್ ರಿಪೇರಿಯವರಿಗೆ ಮಾರುತ್ತೇನೆ. ಏಳನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಡಿಗ್ರಿ ಮಾಡಿದ ಮೂವರು ಈ ಕೆಲಸಕ್ಕೆ ಬಂದು, ನಮ್ಮ ಕಡೆಯ ಬಿಸಿಲಿಗೆ ಹೆದರಿ ಓಡಿಹೋದರು. ನಾನು ಓಡಲಿಲ್ಲ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತಿರುತ್ತೇನೆ.

ಹೊತ್ತು ಮಾರುವುದಕ್ಕೂ ರೀತಿ ರಿವಾಜು ಇದೆ. ಎರಡು ಸೀರೆ ಅಂಗಡಿಗಳ ಜಾಹೀರಾತು ಒಂದರ ಬೆನ್ನಿಗೆ ಒಂದು ಬರಬಾರದು. ನಿಧನವಾರ್ತೆ ಮುಗಿದ ಕೂಡಲೇ ಮಿಠಾಯಿ ಅಂಗಡಿ ಬರಬಾರದು. ಒಮ್ಮೆ ಹಾಗೆ ಬಂದೂಬಿಟ್ಟಿತ್ತು. ಕ್ಷಮೆ ಕೇಳಲು ಹೋದರೆ ಮಿಠಾಯಿ ಅಂಗಡಿಯವರು, "ಇರಲಿ ಬಿಡ್ರಿ, ಸತ್ತವರ ದಿನಕ್ಕೂ ಬೂಂದಿ ಬೇಕಲ್ಲ" ಎಂದರು. ಇನ್ನು ಕೆಲವರು ಚೂರುಪಾರು ಕೊಳ್ಳುವುದಿಲ್ಲ, ಇಡೀ ತಾಸನ್ನೇ ಕೊಳ್ಳುತ್ತಾರೆ. ಹಾಗೆ ಕೊಂಡವರು ಬೇರಿನ ಪುಡಿ ಕೊಡುವ ಒಬ್ಬ ವೈದ್ಯರು. ಜನ ಫೋನ್ ಮಾಡಿ ಕಾಯಿಲೆ ಹೇಳಿಕೊಳ್ಳುತ್ತಾರೆ, ವೈದ್ಯರು ಪುಡಿ ಹೇಳುತ್ತಾರೆ. ಕೇಳುವವರಿಗೆ ಅದು ಕಾರ್ಯಕ್ರಮ. ನಮಗೆ ತಾಸುದ್ದದ ಜಾಹೀರಾತು. 'ಪ್ರಾಯೋಜಿತ' ಎಂಬ ಪದವನ್ನು ಆರಂಭದಲ್ಲಿ ಒಂದೇ ಸಲ, ಯಾರಿಗೂ ಸಿಗದ ಹಾಗೆ ಓಡಿಸಿಬಿಡುತ್ತೇವೆ. ಆ ತಾಸಿನಲ್ಲಿ ಬೇರೆ ಯಾವ ದವಾಖಾನೆಯ ಸೊಲ್ಲೂ ಬರಬಾರದೆಂಬ ಷರತ್ತನ್ನು ಸೇರಿಸಿದವನು ನಾನೇ. ವೈದ್ಯರು ಖುಷಿಯಾದರು, ನಮ್ಮ ಮಾಲೀಕರು ನನ್ನ ಬೆನ್ನು ತಟ್ಟಿದರು.

ಆ ಕಾರ್ಯಕ್ರಮವನ್ನು ಅತಿ ನಿಷ್ಠೆಯಿಂದ ಕೇಳುವವಳು ನನ್ನ ಮನೆಯಲ್ಲೇ ಇದ್ದಳು. ನನ್ನ ಹೆಂಡತಿ ನೀಲವ್ವನಿಗೆ ಸಕ್ಕರೆ ಕಾಯಿಲೆ. ವೈದ್ಯರ ಮಾತು ಕೇಳಿ ಗುಳಿಗೆಗಳನ್ನು ಡಬ್ಬಿಗೆ ಹಾಕಿ ಮುಚ್ಚಿ, ಪುಡಿ ನೆಕ್ಕಲು ಶುರುಮಾಡಿದಳು. ಅಷ್ಟರಲ್ಲಿ ಚಪ್ಪಲಿ ಕಚ್ಚಿ ಎಡಗಾಲಿನ ಬೆರಳಿಗೆ ಗಾಯವಾಯಿತು. ಆ ಗಾಯ ಮಾಯಲಿಲ್ಲ.

"ಆ ತಾಸು ನಾನs ಮಾರೀನಿ, ನೀಲವ್ವ. ಅವರು ರೊಕ್ಕಾ ಕೊಟ್ಟು ಮಾತಾಡ್ತಾರ" ಎಂದೆ.

"ರೊಕ್ಕಾ ಕೊಟ್ಟು ಮಂದಿಗೆ ಬುದ್ಧಿ ಹೇಳ್ತಾರಂದ್ರ ಎಂಥಾ ದೊಡ್ಡ ಮನಸ್ಸು ನೋಡ್ರಿ" ಎಂದಳು.

"ದವಾಖಾನಿಗೆ ನಡಿ."

"ನಿಮಗೇನ್ ತಿಳೀತೈತಿ? ನೀವೇನು ಡಾಕ್ಟರ್ ಸಾಲಿ ಕಲ್ತೀರೇನು?"

ಊರೂರು ತಿರುಗಿ ಗಾಳಿಯನ್ನೇ ಮಾರಿ ಬರುವ ನನಗೆ, ಸ್ವಂತ ಹೆಂಡತಿಗೆ ಒಂದು ಗುಳಿಗೆ ಮಾರಲಾಗಲಿಲ್ಲ. ರೇಡಿಯೋದಲ್ಲಿ ಬಂದರೆ ತಾನೆ ಅವಳು ನಂಬುವುದು ಎಂದುಕೊಂಡು, ನನ್ನ ಪಗಾರದಲ್ಲಿ ಹಿಡಿಸಿಕೊಂಡು ಹತ್ತು ಸೆಕೆಂಡು ಕೊಂಡೆ. ವೈದ್ಯರ ತಾಸಿನಲ್ಲಿ ಹಾಕುವಂತಿರಲಿಲ್ಲ, ನನ್ನದೇ ಷರತ್ತು ಅಡ್ಡ ನಿಂತಿತ್ತು. ಅಗ್ಗದ ಹೊತ್ತು ಹುಡುಕಿ, ಅವಳು ನೀರು ತುಂಬುವ ಬೆಳಗಿನ ಜಾವಕ್ಕೆ ಹಾಕಿಸಿದೆ. 'ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಗುಳಿಗೆ ಬಿಡಬೇಡಿ' ಎಂದು ನನ್ನದೇ ದನಿಯಲ್ಲಿ ಬಂತು. ನೀಲವ್ವ ಕೊಡ ಇಳಿಸಿ ಪೂರ್ತಿ ಕೇಳಿದಳು.

"ಇದು ಜಾಹೀರಾತು ಅಲ್ಲೇನ್ರಿ? ಜಾಹೀರಾತು ಯಾರರ ನಂಬ್ತಾರೇನು? ನೀವs ನಂಬಂಗಿಲ್ಲ" ಎಂದು ಕೊಡ ಎತ್ತಿಕೊಂಡು ಕುಂಟುತ್ತಾ ಒಳಗೆ ಹೋದಳು.

ಆ ವಾರವೇ ಬೆರಳು ಕಪ್ಪಾಯಿತು. ಮನೆಯಲ್ಲಿ ವಾಸನೆ ಬರತೊಡಗಿತು. ಅವಳು ಊದಿನಕಡ್ಡಿ ಹಚ್ಚಿಟ್ಟು ರೇಡಿಯೋ ಮುಂದೆ ಕುಳಿತಳು. ನಾನು ಓಣಿಗೆ ಬಂದು ಗೋಡೆಗೆ ಮುಖ ಮಾಡಿ ನಿಂತು, ಸ್ಟೇಷನ್ನಿನ ಒಳ ನಂಬರಿಗೆ ಫೋನ್ ಹಚ್ಚಿ, ಕಾರ್ಯಕ್ರಮದೊಳಗೆ ಕರೆಗಾರನಾಗಿ ನುಗ್ಗಿದೆ. ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಹಾರಿಹೋಯಿತು. "ವೈದ್ಯರs, ನನ್ನ ಹೆಂಡ್ತಿ ನಿಮ್ಮ ಮಾತು ಕೇಳಿ ಗುಳಿಗಿ ಬಿಟ್ಟಾಳ್ರಿ, ಕಾಲು ಕಪ್ಪಾಗೈತ್ರಿ, ನೀವs ಹೇಳ್ರಿ" ಎನ್ನುವಷ್ಟರಲ್ಲಿ ಅಳು ಬಂತು. ವೈದ್ಯರು, "ಪುಡಿ ನಿಲ್ಲಿಸ್ರಿ. ಈಗಿಂದೀಗ ಕೊಪ್ಪಳದ ದೊಡ್ಡಾಸ್ಪತ್ರಿಗೆ ಕರಕೊಂಡು ಹೋಗ್ರಿ" ಎಂದರು. ಅದು ಕರುಣೆಯೋ ಹೆದರಿಕೆಯೋ ನನಗೆ ಇಂದಿಗೂ ಗೊತ್ತಿಲ್ಲ. ಒಳಗೆ ಬಂದರೆ ನೀಲವ್ವ ಸೀರೆ ಬದಲಿಸಿ ನಿಂತಿದ್ದಳು.

"ಗಾಡಿ ತರಸ್ರಿ. ಅವರು ಹೇಳಿದ್ದು ಕೇಳಿಸಲಿಲ್ಲೇನು?"

ಬೆರಳು ಹೋಯಿತು, ಪಾದ ಉಳಿಯಿತು. ಇನ್ನೊಂದು ವಾರ ತಡವಾಗಿದ್ದರೆ ಮೊಣಕಾಲ ತನಕ ಹೋಗುತ್ತಿತ್ತು ಎಂದರು ಡಾಕ್ಟರು. ಇದಕ್ಕಾಗಿ ನೀಲವ್ವ ನನ್ನನ್ನು ಬೈಯಲಿಲ್ಲ, ವೈದ್ಯರನ್ನಂತೂ ಬೈಯುವ ಮಾತೇ ಇಲ್ಲ. ತನ್ನ ಗಿರಾಕಿಯನ್ನು ತಾನೇ ದೊಡ್ಡಾಸ್ಪತ್ರೆಗೆ ಕಳಿಸಿದ ಪುಣ್ಯಾತ್ಮ ಎಂದು ವಾರ್ಡಿನ ತುಂಬ ಹೇಳಿಕೊಂಡು ಬಂದಳು. ಊರೂ ಹಾಗೇ ಹೇಳಿತು. ಕರೆಗಳು ಹೆಚ್ಚಾದವು. ವೈದ್ಯರು ಸಂಜೆಗೂ ಒಂದು ತಾಸು ಬೇಕೆಂದು ಹೇಳಿ ಕಳಿಸಿದರು. ಆಗುವುದಿಲ್ಲ ಎಂದು ಹೇಳಲೇಬೇಕೆಂದು ಹೋದವನು ನಾನು. ಅವರು ಎದ್ದು ನಿಂತು ಕೈ ಮುಗಿದು, "ತಂಗಿ ಕಾಲು ಹ್ಯಾಂಗೈತ್ರಿ?" ಎಂದು ಕೇಳಿದರು, ಚಹಾ ತರಿಸಿದರು. ನಾನು ಚಹಾ ಕುಡಿದೆ, ಸಂಜೆಯ ತಾಸನ್ನೂ ಮಾರಿ ಬಂದೆ.

ಅವರದು ಒಂದೇ ಬೇಡಿಕೆ. ನನ್ನ ಆ ಕರೆಯ ರೆಕಾರ್ಡನ್ನು ತಾಸಿನ ಆರಂಭದಲ್ಲಿ ದಿನಾ ಹಾಕಬೇಕು, ಗುಳಿಗೆ ಬಿಟ್ಟ ಮಾತು, ಪುಡಿ ನಿಲ್ಲಿಸೆಂದ ಮಾತು ಎರಡನ್ನೂ ತೆಗೆದು. ಈಗ ದಿನಕ್ಕೆರಡು ಸಲ ನಾನು ರೇಡಿಯೋದಲ್ಲಿ ಅಳುತ್ತೇನೆ, ನೀಲವ್ವ ದನಿ ಜೋರು ಮಾಡುತ್ತಾಳೆ. ಆವತ್ತು ನಾನು ಅತ್ತದ್ದು ಸ್ವಲ್ಪ ಉದ್ದವಾಗಿತ್ತು. ಕತ್ತರಿಸಿ ಇಪ್ಪತ್ತು ಸೆಕೆಂಡಿಗೆ ತಂದವನೂ ನಾನೇ.